ಮದುಮಗನ ಸೂಟಿನ ಬೆಲೆ

ಕಲಘಟಗಿ ತಾಲ್ಲೂಕಿನ ತಂಬೂರ ಬಸವಣ್ಣನ ಗುಡಿಯಿಂದಾಗಿ ಧಾರವಾಡ ಸೀಮೆಯಲ್ಲಿ ಹೆಸರಾದ ಊರು. ಬಯಲುಸೀಮೆ ಮುಗಿದು ಮಲೆನಾಡಿನ ಕಾಡು ತೊಡಗುವ ಸೆರಗಿನಲ್ಲಿ ಅದು ಇದೆ. ಕೆಲವು ವರ್ಷಗಳ ಹಿಂದೆ, ಒಂದು ಬೇಸಿಗೆಯಲ್ಲಿ, ಅಲ್ಲಿ ನಡೆದ ನಿಕಾಹ್‌ಗೆ ಹೋಗಿದ್ದೆ. ಮಟಮಟ ಮಧ್ಯಾಹ್ನ. ಶಾಮಿಯಾನದ ಕೆಳಗೆ ಗಾಳಿ ಆಡುತ್ತಿರಲಿಲ್ಲ. ಮದುಮಗ ಕೋಟು, ವೇಸ್ಟ್‌ಕೋಟು, ಪ್ಯಾಂಟು, ಟೈ ಎಲ್ಲವನ್ನೂ ತೊಟ್ಟು, ಮುಖದ ಮೇಲೆ ಹೂವಿನ ಸೆಹರಾ ಬೇರೆ ಇಳಿಬಿಟ್ಟುಕೊಂಡು ಬೆವರುತ್ತ ಕುಳಿತಿದ್ದ. ನನ್ನ ಪಕ್ಕದಲ್ಲಿ ಇಬ್ಬರು ಹಿರಿಯರಿದ್ದರು. ಒಬ್ಬರು ಪೈಜಾಮ, ಅಂಗಿ, ಟೋಪಿಯ ಮುಸ್ಲಿಮರು. ಇನ್ನೊಬ್ಬರು ಅವರ ನೆರೆಹೊಲದ ಲಿಂಗಾಯತರು; ಧೋತರದ ಮೇಲೆ ಹಳೆಯ ಕರಿ ಕೋಟು ತೊಟ್ಟು ತಲೆಗೆ ರುಮಾಲು ಸುತ್ತಿದ್ದರು.

ಟೋಪಿಯವರು ವರನನ್ನು ನೋಡಿ, "ಇದು ನಮ್ಮ ಲಿಬಾಸ ಅಲ್ಲ, ಫರಂಗಿಯವರದು" ಎಂದು ಬೇಸರಪಟ್ಟರು. ರುಮಾಲಿನವರು ನಕ್ಕು ತಮ್ಮ ಕೋಟಿನ ಅಂಚು ಹಿಡಿದು ತೋರಿಸಿ, "ಹಂಗಾರ ನನ್ನ ಮೈಮ್ಯಾಲಿಂದು ಯಾರದು ಮಾವಾ?" ಎಂದರು. ಶರಬತ್ತಿನ ತಟ್ಟೆ ಹಿಡಿದು ಅಲ್ಲೇ ನಿಂತಿದ್ದ ಹುಡುಗಿಯ ತಂದೆ ಮೆಲ್ಲಗೆ ಹೇಳಿದ: "ಯಾರದರ ಇರ್ಲಿ ಬಿಡ್ರಿ ಕಾಕಾ, ರೊಕ್ಕಾ ಅಂತೂ ನಂದು."

ಎಲ್ಲರೂ ನಕ್ಕರು. ಹೇಳಿದವನು ನಗಲಿಲ್ಲ.

ಆ ದಿನದಿಂದ ಈ ಮೂರು ಮಾತುಗಳು ನನ್ನನ್ನು ಬಿಟ್ಟಿಲ್ಲ. ಉಡುಪಿನ ಬಗ್ಗೆ ನಮ್ಮ ಸಮಾಜದಲ್ಲಿ ನಡೆಯುವ ಚರ್ಚೆಯೆಲ್ಲ ಹೆಚ್ಚುಕಡಿಮೆ ಮೊದಲ ಇಬ್ಬರ ನಡುವಿನದು. ಈ ಬಟ್ಟೆ ನಮ್ಮದೋ ಅವರದೋ? ಅದನ್ನು ತೊಟ್ಟರೆ ನಾವು ನಾವಾಗಿ ಉಳಿಯುತ್ತೇವೆಯೋ ಇಲ್ಲವೋ? ಮೂರನೆಯವನು ಎತ್ತಿದ್ದು ಬೇರೆಯದೇ ಪ್ರಶ್ನೆ: ಇದರ ಬೆಲೆ ಕೊಟ್ಟವರು ಯಾರು? ಮೊದಲನೆಯದು ಅನನ್ಯತೆಯ ಪ್ರಶ್ನೆ, ಎರಡನೆಯದು ನ್ಯಾಯದ ಪ್ರಶ್ನೆ. ಮೊದಲನೆಯದರ ಬಗ್ಗೆ ಪ್ರವಚನಗಳು, ಲೇಖನಗಳು, ಕಾನೂನುಗಳು ಬಂದಿವೆ. ಎರಡನೆಯದನ್ನು ಮದುವೆಮನೆಯ ನಗೆಯಲ್ಲಿ ಮುಗಿಸಿಬಿಡುತ್ತೇವೆ.

ಮೊದಲ ಪ್ರಶ್ನೆಯನ್ನೇ ಮೊದಲು ನೋಡೋಣ. ಧಾರವಾಡ ಸೀಮೆಯ ಗಂಡಸಿನ ಬಟ್ಟೆಗಂಟನ್ನು ಬಿಚ್ಚಿದರೆ ಒಂದು ಜಗತ್ತೇ ಹೊರಬರುತ್ತದೆ. ನಮ್ಮ ಸಾಹಿತಿಗಳ ಗುರುತಾಗಿರುವ ಜುಬ್ಬಾ ಅರಬ್ಬಿ ಶಬ್ದ. ರೈತನ ತಲೆಯ ರುಮಾಲು ಪಾರ್ಸಿ. ಪೈಜಾಮವೂ ಪಾರ್ಸಿ, ಅದು ಇಂಗ್ಲಿಷಿಗೂ ಹೋಗಿ ಅಲ್ಲಿ ಮಲಗುವ ಹೊತ್ತಿನ ಉಡುಪಾಯಿತು. ನಮ್ಮ ಹಿರಿಯರು ಪೈಜಾಮಕ್ಕೆ 'ಇಜಾರ' ಎನ್ನುತ್ತಿದ್ದರು, ಅದೂ ಅರಬ್ಬಿಯದೇ. ಪೋಲೀಸರ ಖಾಕಿ ಎಂದರೆ ಪಾರ್ಸಿ-ಉರ್ದುವಿನಲ್ಲಿ ಮಣ್ಣಿನ ಬಣ್ಣದ್ದು. ಇವನ್ನೆಲ್ಲ ತೊಟ್ಟ ರೈತನಿಗೆ ತಾನು ಪರಕೀಯ ಶಬ್ದಗಳನ್ನು ಹೊದ್ದಿದ್ದೇನೆ ಎಂದು ಎಂದೂ ಅನ್ನಿಸಿಲ್ಲ. ಬಳಸಿದ್ದು ನಮ್ಮದಾಗುತ್ತದೆ. ಭಾಷೆಯಲ್ಲಿಯೂ ಹಾಗೆಯೇ, ಬಟ್ಟೆಯಲ್ಲಿಯೂ ಹಾಗೆಯೇ.

ಇನ್ನು ಫರಂಗಿಯವರದು ಎನ್ನಲಾಗುವ ಸೂಟಿನ ಕತೆ. ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ 1666ರ ಅಕ್ಟೋಬರಿನಲ್ಲಿ ತನ್ನ ಆಸ್ಥಾನದ ಗಂಡಸರ ಉಡುಪನ್ನು ಬದಲಿಸಿದ. ಫ್ರಾನ್ಸಿನ ಆಡಂಬರದ ಫ್ಯಾಶನ್ನನ್ನು ಬಿಟ್ಟು, ಒಂದು ಉದ್ದನೆಯ ಒಳಕೋಟು, ಅದರ ಮೇಲೊಂದು ಕೋಟು ತೊಡುವ ರೀತಿಯನ್ನು ತಂದ. ಕೋಟು, ವೇಸ್ಟ್‌ಕೋಟು, ಕೆಳಗಿನ ಉಡುಪು ಎಂಬ ಮೂರು ತುಂಡಿನ ಸೂಟಿನ ಮೂಲವನ್ನು ಉಡುಪಿನ ಚರಿತ್ರೆಕಾರರು ಅಲ್ಲಿ ಗುರುತಿಸುತ್ತಾರೆ. ವಿಶೇಷವೆಂದರೆ ಆ ಹೊಸ ಉಡುಪನ್ನು ಕಂಡ ಜಾನ್ ಎವೆಲಿನ್ ಎಂಬ ಲೇಖಕ ತನ್ನ ದಿನಚರಿಯಲ್ಲಿ ಇದು ಪೂರ್ವದೇಶದ, ಪರ್ಶಿಯದ ರೀತಿಯದೆಂದು ಬರೆದುಕೊಂಡ. ತಂಬೂರದ ಹಿರಿಯರು ಫರಂಗಿಯದೆಂದು ದೂರಿದ ಉಡುಪನ್ನು ಫರಂಗಿಯೊಬ್ಬ ಪರ್ಶಿಯದ್ದೆಂದು ಗುರುತಿಸಿದ್ದ! ಬಟ್ಟೆಯ ಜಾತಿ ಕೇಳಹೊರಟವರಿಗೆ ಚರಿತ್ರೆ ಸಲೀಸಾಗಿ ಉತ್ತರ ಕೊಡುವುದಿಲ್ಲ.

ಅದೇ ಉಡುಪು ಮುಂದಿನ ಎರಡು ಶತಮಾನಗಳಲ್ಲಿ ರೇಷ್ಮೆ, ಜರಿ, ಲೇಸುಗಳನ್ನು ಒಂದೊಂದಾಗಿ ಕಳಚಿಕೊಂಡಿತು. 1789ರ ಫ್ರೆಂಚ್ ಕ್ರಾಂತಿಯಲ್ಲಿ ಶ್ರೀಮಂತರ ಮೊಳಕಾಲುದ್ದದ ಚಲ್ಲಣ ಅಪಮಾನದ ಗುರುತಾಯಿತು. ದುಡಿಯುವವರ ಉದ್ದನೆಯ ಪ್ಯಾಂಟು ಗೌರವದ ಗುರುತಾಯಿತು. ಲಂಡನ್ನಿನಲ್ಲಿ ಬ್ರಮೆಲ್ ಎಂಬ ಶೋಕಿಲಾಲ ಬಣ್ಣಬಣ್ಣದ ರೇಷ್ಮೆಯ ಬದಲು ಕಡುಬಣ್ಣದ ಉಣ್ಣೆಯ ಕೋಟನ್ನು, ಒಳ್ಳೆಯ ಹೊಲಿಗೆಯನ್ನು, ಶುಭ್ರತೆಯನ್ನು ಗಂಡಸಿನ ಅಲಂಕಾರವೆಂದು ರೂಢಿಗೆ ತಂದ. ಹತ್ತೊಂಬತ್ತನೇ ಶತಮಾನದ ಕೊನೆಗೆ ಇಂದಿನ ಗಿಡ್ಡ ಕೋಟಿನ ಸೂಟು ಬಂತು. ಹೊಲಿಗೆ ಯಂತ್ರ ಮತ್ತು ಸಿದ್ಧ ಉಡುಪಿನ ಕಾರ್ಖಾನೆಗಳು ಅದನ್ನು ಗುಮಾಸ್ತನಿಗೂ ಕೂಲಿಕಾರನಿಗೂ ಎಟುಕಿಸಿದವು. ಬ್ಯಾಂಕಿನ ಮಾಲೀಕನೂ ಬ್ಯಾಂಕಿನ ಕಾರಕೂನನೂ ದೂರದಿಂದ ನೋಡಿದರೆ ಒಂದೇ ತರಹ ಕಾಣುವಂತಾಯಿತು. ಸೂಟಿನೊಳಗೆ ಸಮಾನತೆಯ ಒಂದು ಮಾತು ಇತ್ತು ಎಂಬುದನ್ನು ಮರೆಯಬಾರದು.

ಆದರೆ ಆ ಮಾತು ಸಮುದ್ರ ದಾಟಿ ಇಲ್ಲಿಗೆ ಬರುವಾಗ ಬದಲಾಯಿತು. ಇಲ್ಲಿ ಅದು ಆಳುವವರ ಬಟ್ಟೆ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ಕಚೇರಿ ಸೇರಿದ ಕಾರಕೂನ, ಸಾಲಿ ಮಾಸ್ತರ, ವಕೀಲ ಇವರು ಒಂದು ಜಾಣ ಉಪಾಯ ಕಂಡುಕೊಂಡರು. ಸೊಂಟದ ಕೆಳಗೆ ಧೋತರ, ಮೇಲೆ ಕೋಟು, ತಲೆಗೆ ರುಮಾಲು ಅಥವಾ ಕರಿ ಟೋಪಿ. ಮನೆ, ದೇವರು, ಜಾತಿ ಇವು ಧೋತರ-ರುಮಾಲಿನಲ್ಲಿ. ಸರ್ಕಾರ, ಪಗಾರ ಇವು ಕೋಟಿನಲ್ಲಿ. ಆಗಿನ ಧಾರವಾಡದ ಯಾವುದೇ ಗುಂಪುಚಿತ್ರ ತೆಗೆದು ನೋಡಿ, ಈ ಒಪ್ಪಂದ ಎದ್ದುಕಾಣುತ್ತದೆ. ಕಾಲಕ್ರಮದಲ್ಲಿ ಅದು ಹಳ್ಳಿಗೂ ಇಳಿದು, ರೈತರು ಪೇಟೆಗೆ, ಬೀಗರ ಮನೆಗೆ ಹೋಗುವಾಗ ತೊಡುವ ಕೋಟಾಯಿತು. ತಂಬೂರದಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯರು ತೊಟ್ಟಿದ್ದು ಅದನ್ನೇ. ಅದು ಅವರ ಅಜ್ಜನ ಉಡುಪು. ಅವರಿಗದು ಫರಂಗಿಯದು ಹೇಗಾದೀತು?

ನಮ್ಮ ದೇಶದ ಇಬ್ಬರು ದೊಡ್ಡವರು ಸೂಟಿನ ವಿಷಯದಲ್ಲಿ ತದ್ವಿರುದ್ಧ ದಾರಿ ಹಿಡಿದರು. 1888ರಲ್ಲಿ ಲಂಡನ್ನಿಗೆ ಹೋದ ತರುಣ ಗಾಂಧಿ ಅಲ್ಲಿ ದುಬಾರಿ ಸೂಟು ಹೊಲಿಸಿಕೊಂಡದ್ದನ್ನು, ಟೈ ಕಟ್ಟಲು ಕಲಿತದ್ದನ್ನು ಆತ್ಮಕಥೆಯಲ್ಲಿ ತಮ್ಮನ್ನೇ ಲೇವಡಿ ಮಾಡಿಕೊಂಡು ಹೇಳಿದ್ದಾರೆ. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಅವರು ತುಂಡುಪಂಚೆಗೆ ಬಂದರು. ಬಡವನಿಗೆ ಮೈತುಂಬ ಖಾದಿ ಕೊಳ್ಳುವ ಶಕ್ತಿ ಇಲ್ಲದಿರುವಾಗ ತಾನು ಹೇಗೆ ತೊಡಲಿ ಎಂಬ ಸಂಕಟ ಅದರ ಹಿಂದಿತ್ತು. 1931ರಲ್ಲಿ ಬ್ರಿಟಿಷ್ ಚಕ್ರವರ್ತಿಯ ಅರಮನೆಗೂ ಅದೇ ಉಡುಪಿನಲ್ಲಿ ಹೋದರು.

ಅಂಬೇಡ್ಕರ್ ಸೂಟು ಬಿಡಲಿಲ್ಲ. ಬಿಡಬೇಕಾದ ಕಾರಣವೂ ಅವರಿಗಿರಲಿಲ್ಲ. ಯಾರು ಏನು ತೊಡಬೇಕು, ಎಷ್ಟು ತೊಡಬೇಕು ಎಂಬುದನ್ನು ಜಾತಿಯೇ ನಿರ್ಧರಿಸುತ್ತಿದ್ದ ದೇಶ ಇದು. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿ, 1859ರಲ್ಲಿ ರಾಜಾಜ್ಞೆಯಿಂದ ಅದನ್ನು ಪಡೆಯಬೇಕಾಯಿತು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಅಂಬೇಡ್ಕರ್ ದಲಿತ ಹೆಣ್ಣುಮಕ್ಕಳಿಗೆ, ಅಸ್ಪೃಶ್ಯತೆಯ ಗುರುತಾದ ಸೀರೆ ಉಡುವ ಬಗೆಯನ್ನೂ ಒಡವೆಗಳನ್ನೂ ಬಿಡಿ ಎಂದು ಕರೆಕೊಟ್ಟರು. 1928ರಲ್ಲಿ ಅವರು ಕಟ್ಟಿದ ಶಿಕ್ಷಣ ಸಂಸ್ಥೆಯ ಆಶ್ರಯದಲ್ಲಿ ತೆರೆದ ವಿದ್ಯಾರ್ಥಿನಿಲಯಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. ಅಂಥ ನಿಲಯಕ್ಕೆ ಬಂದ ಹಳ್ಳಿಯ ಹುಡುಗನಿಗೆ ಇಸ್ತ್ರಿ ಮಾಡಿದ ಕೋಟು ಆಡಂಬರವಲ್ಲ. ಅದು ತನ್ನನ್ನು ಬಗ್ಗಿಸಿ ನಿಲ್ಲಿಸಿದ್ದ ಊರಿನ ಮುಂದೆ ನೆಟ್ಟಗೆ ನಿಲ್ಲುವ ಬಗೆ. ಇಂದಿಗೂ ದಲಿತ ಕೇರಿಗಳಲ್ಲಿ ನಿಂತಿರುವ ಪ್ರತಿಮೆಗಳ ನೀಲಿ ಸೂಟು ಹೇಳುವುದು ಇದನ್ನೇ.

ಗಾಂಧಿ ಸೂಟು ಬಿಟ್ಟದ್ದು ಸರಿಯೋ, ಅಂಬೇಡ್ಕರ್ ತೊಟ್ಟದ್ದು ಸರಿಯೋ? ಈ ಪ್ರಶ್ನೆಯನ್ನು ಬಟ್ಟೆಯನ್ನು ನೋಡಿ ಬಿಡಿಸಲಾಗದು. ಒಬ್ಬರು ತಮಗಿಂತ ಕೆಳಗಿದ್ದವರ ಬಳಿಗೆ ಇಳಿದರು. ಇನ್ನೊಬ್ಬರು ಕೆಳಗಿಡಲ್ಪಟ್ಟವರನ್ನು ಮೇಲೆತ್ತಿದರು. ಇಬ್ಬರ ಉಡುಪಿನ ಬೆಲೆಯನ್ನೂ ಬೇರೆ ಯಾರೋ ಬಡವ ತೆರಲಿಲ್ಲ. ಇಬ್ಬರ ಉಡುಪೂ ಯಾರನ್ನೂ ಕೀಳುಮಾಡಲಿಲ್ಲ. ಉಡುಪಿನ ನೀತಿಯನ್ನು ಅಳೆಯಲು ಇಲ್ಲೊಂದು ಅಳತೆಪಟ್ಟಿ ಸಿಗುತ್ತದೆ ಎಂದು ನನಗನ್ನಿಸುತ್ತದೆ.

ಇಸ್ಲಾಮಿನ ಪರಂಪರೆಯಲ್ಲಿಯೂ ಈ ಅಳತೆ ಇದೆ. ಅನ್ಯ ಜನಾಂಗವನ್ನು ಅನುಕರಿಸುವವನು ಅವರಲ್ಲೊಬ್ಬನಾಗುತ್ತಾನೆ ಎಂಬ ಅರ್ಥದ ಹದೀಸನ್ನು ಮುಂದಿಟ್ಟು ಸೂಟನ್ನು ಖಂಡಿಸುವವರಿದ್ದಾರೆ. ಆದರೆ ಪ್ರವಾದಿಯವರು ತಬೂಕಿನ ಪಯಣದಲ್ಲಿ ಸಿರಿಯಾದ ಜುಬ್ಬಾ ತೊಟ್ಟಿದ್ದರೆಂದೂ, ಅದರ ತೋಳು ಬಿಗಿಯಾಗಿದ್ದುದರಿಂದ ವುಝೂ ಮಾಡುವಾಗ ಕೈಗಳನ್ನು ಜುಬ್ಬಾದ ಕೆಳಗಿನಿಂದ ಹೊರತೆಗೆಯಬೇಕಾಯಿತೆಂದೂ ಬುಖಾರಿಯಲ್ಲಿ ವರದಿಯಿದೆ. ಆಗಿನ ಸಿರಿಯಾ ಕ್ರೈಸ್ತ ಬೈಜಾಂಟೀಯರ ನಾಡು. 1903ರಲ್ಲಿ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನ ಮುಸ್ಲಿಮರು ಯುರೋಪಿಯನ್ ಹ್ಯಾಟು ತೊಡಬಹುದೇ ಎಂದು ಕೇಳಿದಾಗ, ಈಜಿಪ್ಟಿನ ಮುಫ್ತಿ ಮುಹಮ್ಮದ್ ಅಬ್ದುಹ್ ತೊಡಬಹುದೆಂದು ಫತ್ವಾ ಕೊಟ್ಟರು. ಧರ್ಮ ಬಿಡುವ ಉದ್ದೇಶವಿಲ್ಲದೆ, ಬಿಸಿಲಿಗೋ ಅನುಕೂಲಕ್ಕೋ ತೊಟ್ಟರೆ ದೋಷವಿಲ್ಲ ಎಂಬುದು ಅವರ ನಿಲುವು. ಅದಕ್ಕಾಗಿ ಅವರು ಸಾಕಷ್ಟು ಬೈಗುಳವನ್ನೂ ತಿಂದರು.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಮುಸ್ಲಿಮ್ ಸಂಗ್ರಹದಲ್ಲಿರುವ ಒಂದು ಪ್ರಸಂಗ. ಅಹಂಕಾರಿಗೆ ಸ್ವರ್ಗವಿಲ್ಲ ಎಂದು ಪ್ರವಾದಿಯವರು ಹೇಳಿದಾಗ ಒಬ್ಬಾತ, ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆ ಮನುಷ್ಯನಿಗೆ ಇಷ್ಟವಾಗುತ್ತದಲ್ಲ ಎಂದು ಕೇಳಿದ. ಅವರು ಬಟ್ಟೆಯನ್ನು ದೂಷಿಸಲಿಲ್ಲ. ಅಲ್ಲಾಹನು ಸೌಂದರ್ಯವನ್ನು ಮೆಚ್ಚುವವನು ಎಂದರು. ಅಹಂಕಾರವೆಂದರೆ ಸತ್ಯವನ್ನು ತಳ್ಳಿಹಾಕುವುದು ಮತ್ತು ಜನರನ್ನು ಕೀಳಾಗಿ ಕಾಣುವುದು ಎಂದು ವಿವರಿಸಿದರು. ಅಂದರೆ ಸೂಟಿನ ಹೊಲಿಗೆಯನ್ನು ಪರೀಕ್ಷಿಸುವುದಕ್ಕಿಂತ ಅದನ್ನು ತೊಟ್ಟವನು ಪಕ್ಕದವನನ್ನು ಹೇಗೆ ನೋಡುತ್ತಾನೆ ಎಂಬುದನ್ನು ಪರೀಕ್ಷಿಸಬೇಕು.

ಈ ತಿಳಿವಳಿಕೆ ಇಲ್ಲದಾಗ ಬಟ್ಟೆಯೇ ಧರ್ಮವಾಗುತ್ತದೆ, ಅಥವಾ ಬಟ್ಟೆಯೇ ಆಧುನಿಕತೆಯಾಗುತ್ತದೆ. ಎರಡೂ ಅಪಾಯವೇ. ಟರ್ಕಿಯಲ್ಲಿ ಮುಸ್ತಫಾ ಕೆಮಾಲ್ ಸರ್ಕಾರ 1925ರ ನವೆಂಬರಿನಲ್ಲಿ ಹ್ಯಾಟಿನ ಕಾನೂನು ತಂದು ಫೆಝ್ ಟೋಪಿಯನ್ನು ನಿಷೇಧಿಸಿತು. ಹ್ಯಾಟನ್ನು ವಿರೋಧಿಸಿ ಬರೆದಿದ್ದ ಆತಿಫ್ ಎಂಬ ವಿದ್ವಾಂಸರನ್ನು 1926ರ ಫೆಬ್ರವರಿಯಲ್ಲಿ ಗಲ್ಲಿಗೇರಿಸಲಾಯಿತು. ತಲೆಯ ಮೇಲಿನ ಟೋಪಿಗಾಗಿ ತಲೆಯೇ ಹೋಯಿತು. ಇರಾನಿನಲ್ಲಿ ರೆಝಾ ಶಾ 1928ರ ಕಾನೂನಿನಿಂದ ಗಂಡಸರಿಗೆ ಪಾಶ್ಚಾತ್ಯ ಉಡುಪನ್ನು ಕಡ್ಡಾಯ ಮಾಡಿದ. 1979ರ ಕ್ರಾಂತಿಯ ನಂತರ ಬಂದ ಸರ್ಕಾರ ಅದನ್ನು ತಿರುಗಿಸಿತೇ? ಮೌಲ್ವಿಗಳಲ್ಲದ ಮಂತ್ರಿಗಳು, ಅಧಿಕಾರಿಗಳು ಟೈ ಬಿಟ್ಟರು, ಕೋಟು-ಪ್ಯಾಂಟು ಉಳಿಸಿಕೊಂಡರು. ಹೆಂಗಸರಿಗೆ ಮಾತ್ರ ತಲೆ ಮುಚ್ಚುವುದು ಕಡ್ಡಾಯವಾಯಿತು.

ಈ ತಾರತಮ್ಯ ನಮ್ಮ ಮನೆಯದೂ ಹೌದು. ಗಂಡಸರು ಶರ್ಟು, ಪ್ಯಾಂಟು, ಜೀನ್ಸು, ಸೂಟು ಎಲ್ಲವನ್ನೂ ಯಾರ ಅಪ್ಪಣೆಯನ್ನೂ ಕೇಳದೆ ಸ್ವೀಕರಿಸಿದ್ದೇವೆ. ಸಂಸ್ಕೃತಿಯನ್ನು ಉಳಿಸುವ ಹೊಣೆಯನ್ನು ಹೆಣ್ಣುಮಕ್ಕಳ ಬಟ್ಟೆಯ ಮೇಲೆ ಹೊರಿಸಿದ್ದೇವೆ. 2022ರಲ್ಲಿ ಕರ್ನಾಟಕದ ತರಗತಿಗಳ ಬಾಗಿಲಲ್ಲಿ ಹುಡುಗಿಯರ ತಲೆವಸ್ತ್ರವನ್ನು ತಡೆದಾಗ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಸಮುದಾಯದ ಮುಖಂಡರು ಎತ್ತರದ ದನಿಯಲ್ಲಿ ಮಾತಾಡಿದರು. ಎರಡೂ ಕಡೆ ಹೆಚ್ಚು ಮಾತಾಡಿದವರು ಗಂಡಸರು. ಅವರಲ್ಲಿ ಅನೇಕರು ಪ್ಯಾಂಟು ತೊಟ್ಟವರು. ತನ್ನ ಬಟ್ಟೆಯನ್ನು ತಾನೇ ಆರಿಸಿಕೊಳ್ಳುವ ಹಕ್ಕನ್ನು ಸದ್ದಿಲ್ಲದೆ ಪಡೆದವನು, ಅದೇ ಹಕ್ಕನ್ನು ಓದುವ ಹುಡುಗಿಗೆ ಬಿಟ್ಟುಕೊಡಲಾರದೆ ಹೋದ.

ಈಗ ತಂಬೂರದ ಆ ತಂದೆಯ ಮಾತಿಗೆ ಬರೋಣ. ದಖ್ಖನಿ ಮಾತಾಡುವ ಮುಸ್ಲಿಮರಲ್ಲಿ ವರದಕ್ಷಿಣೆಗೆ ಒಂದು ಹೆಸರಿದೆ: 'ಜೋಡೇಕಿ ರಖಮ್'. ಜೋಡಾ ಎಂದರೆ ಒಂದು ಜೊತೆ ಬಟ್ಟೆ. ಮದುಮಗನ ಬಟ್ಟೆಗೆಂದು ಹೆಣ್ಣಿನ ಕಡೆಯವರು ಕೊಡುವ ಹಣವೇ ಜೋಡೇಕಿ ರಖಮ್. ಕೇಳುವವರು ಎಷ್ಟು ನಾಜೂಕಾಗಿ ಕೇಳುತ್ತಾರೆ ನೋಡಿ! ಹುಡುಗನನ್ನು ಮಾರುತ್ತಿಲ್ಲ, ಬರೀ ಬಟ್ಟೆಯ ಮಾತು. ಆದರೆ ಆ ಬಟ್ಟೆಯ ಹೆಸರಿನಲ್ಲಿ ಬರುವ ರಖಮು ಸೂಟು, ಶೇರ್ವಾನಿಗಳನ್ನು ಮೀರಿ, ಬೈಕು, ಕಾರು, ಅಂಗಡಿಯ ಬಂಡವಾಳ ಎಲ್ಲವನ್ನೂ ನುಂಗುತ್ತದೆ. ಕೋಟಿನ ಹಿಂಬದಿಯ ಸೀಳು ಕುದುರೆ ಏರುವವರ ಅನುಕೂಲಕ್ಕೆಂದು ಬಂದದ್ದು. ಕುದುರೆ ಹೋದರೂ ಸೀಳು ಉಳಿದಿದೆ. ಹಾಗೆಯೇ ಬಟ್ಟೆ ಬರೀ ನೆಪವಾದರೂ ರಖಮು ಮಾತ್ರ ಉಳಿದಿದೆ, ಬೆಳೆದಿದೆ.

ವಿಪರ್ಯಾಸವೆಂದರೆ ನಿಕಾಹ್‌ನಲ್ಲಿ ಹಣ ಹರಿಯಬೇಕಾದ ದಿಕ್ಕನ್ನು ಕುರ್‌ಆನ್ ಸ್ಪಷ್ಟವಾಗಿ ಹೇಳಿದೆ. ನಿಸಾ ಅಧ್ಯಾಯದ ನಾಲ್ಕನೇ ವಚನದ ಪ್ರಕಾರ ಗಂಡು ಹೆಣ್ಣಿಗೆ ಮಹರ್ ಕೊಡಬೇಕು, ಅದನ್ನು ಮನಃಪೂರ್ವಕ ಕೊಡಬೇಕು. ವಲೀಮಾದ ಊಟವೂ ಗಂಡಿನದೇ. ನಾವು ಏನು ಮಾಡಿದ್ದೇವೆ? ಮಹರನ್ನು ನಿಕಾಹ್‌ನಾಮೆಯ ಒಂದು ಸಾಲಿಗೆ ಇಳಿಸಿ, ಜೋಡೇಕಿ ರಖಮನ್ನು ಬರವಣಿಗೆಯಿಲ್ಲದ ಷರತ್ತಿಗೆ ಏರಿಸಿದ್ದೇವೆ. ಟೈ ಕಟ್ಟುವುದು ಅನ್ಯರ ಅನುಕರಣೆಯೇ ಎಂದು ಚರ್ಚಿಸುವ ನಾವು, ಆ ಟೈ ಕೊಂಡ ಹಣ ಹಲಾಲೋ ಅಲ್ಲವೋ ಎಂದು ಕೇಳುವುದಿಲ್ಲ.

ಇದು ಮುಸ್ಲಿಮರ ರೋಗ ಮಾತ್ರವಲ್ಲ. ನಮ್ಮ ಕಡೆ ಇದಕ್ಕೆ ಹುಂಡಾ ಎನ್ನುತ್ತಾರೆ, ವರೋಪಚಾರ ಎನ್ನುತ್ತಾರೆ. ಕರ್ನಾಟಕದ ಅನೇಕ ದುಡಿಯುವ ಜಾತಿಗಳಲ್ಲಿ ಹಿಂದೆ ಗಂಡಿನವರೇ ಹೆಣ್ಣಿಗೆ 'ತೆರ' ಕೊಡುತ್ತಿದ್ದರು. ಹುಡುಗರು ಓದಿ, ನೌಕರಿ ಹಿಡಿದು, ಕೋಟು-ಪ್ಯಾಂಟಿಗೆ ಬಂದಂತೆ ತೆರ ಹಿಂದೆ ಸರಿದು ವರದಕ್ಷಿಣೆ ಮುಂದೆ ಬಂತು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯೂ ಮೊದಲಿಗೆ ಬಟ್ಟೆಗೆ ಒಂದು ಕಿಂಡಿ ಬಿಟ್ಟಿತ್ತು. ಮದುವೆಗೆ ಪ್ರತಿಫಲವಾಗಿ ಕೊಟ್ಟದ್ದಲ್ಲದಿದ್ದರೆ ಹಣ, ಒಡವೆ, ಬಟ್ಟೆಯ ಉಡುಗೊರೆ ವರದಕ್ಷಿಣೆಯಲ್ಲ ಎಂಬ ವಿವರಣೆ ಅದರಲ್ಲಿತ್ತು. 1984ರ ತಿದ್ದುಪಡಿಯಲ್ಲಿ ಆ ವಿವರಣೆಯನ್ನು ತೆಗೆದುಹಾಕಿದರು. ಕಾನೂನಿನ ಕಿಂಡಿ ಕಿರಿದಾದರೂ ಮನಸ್ಸಿನ ಕಿಂಡಿ ಹಾಗೆಯೇ ಇದೆ.

ಇದಕ್ಕೆ ಒಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಮಗಳ ಮದುವೆಯಲ್ಲಿ ಅಳಿಯನಿಗೆ ಒಂದು ಜೊತೆ ಒಳ್ಳೆಯ ಬಟ್ಟೆ ಕೊಡುವುದು ತಂದೆಯ ಸಂತೋಷ, ಅದನ್ನೂ ಪಾಪವೆನ್ನಬೇಕೆ? ಬೇಡ. ಪ್ರೀತಿಯಿಂದ ಕೊಟ್ಟ ಬಟ್ಟೆ ಸುನ್ನತ್ತಿಗೂ ವಿರುದ್ಧವಲ್ಲ, ಶರಣರ ದಾರಿಗೂ ವಿರುದ್ಧವಲ್ಲ. ಆದರೆ ಉಡುಗೊರೆಗೂ ಕಪ್ಪಕ್ಕೂ ಇರುವ ವ್ಯತ್ಯಾಸ ಸರಳ. ಕೊಡದಿದ್ದರೂ ಮದುವೆ ನಡೆಯುತ್ತದೆ ಎಂದಾದರೆ ಅದು ಉಡುಗೊರೆ. ಕೊಡದಿದ್ದರೆ ಮಗಳು ಮಾತು ಕೇಳಬೇಕಾಗುತ್ತದೆ ಎಂಬ ಅಂಜಿಕೆ ಇದ್ದರೆ ಅದು ಕಪ್ಪ. ತಂಬೂರದ ತಂದೆ ನಗದೆ ನಿಂತಿದ್ದ ಕಾರಣ ಈ ಅಂಜಿಕೆಯಲ್ಲದೆ ಬೇರೇನು?

ಇನ್ನೊಂದು ಮಾತೂ ಇದೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತದೆ ನಮ್ಮ ಗಾದೆ. ಮದುಮಗ ಕೂಲಿಯವನಂತೆ ಕಂಡರೆ ಬಂದವರು ಏನಂದಾರು ಎಂಬ ಭಯ ಎರಡೂ ಮನೆಗಳಲ್ಲಿದೆ. ಬಡವನ ಮಗ ಒಂದು ದಿನವಾದರೂ ಸಾಹೇಬನಂತೆ ಕಾಣಲಿ ಎಂಬ ಆಸೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅದರಲ್ಲಿ ಘನತೆಯ ಹಂಬಲವಿದೆ. ಆದರೆ ಅಂಬೇಡ್ಕರರ ಸೂಟು ಘನತೆಯ ಗುರುತಾದದ್ದು ಅದು ಅವರ ಓದಿನ, ದುಡಿಮೆಯ ಫಲವಾಗಿದ್ದರಿಂದ. ಇನ್ನೊಬ್ಬ ಬಡವನನ್ನು ಸಾಲಕ್ಕೆ ಬೀಳಿಸಿ ತೊಟ್ಟ ಘನತೆ ಘನತೆ ಹೇಗಾದೀತು? ಬಸವಣ್ಣನ ಹೆಸರಿನ ಗುಡಿಯಿರುವ ಊರಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ನೇಯ್ಗೆಯ ಜೇಡರ ದಾಸಿಮಯ್ಯನಿಂದ ಹಿಡಿದು ವಚನಕಾರರೆಲ್ಲ ಬದುಕಿ ತೋರಿಸಿದ್ದು ಕಾಯಕವನ್ನು. ಮೈಮೇಲಿನ ಅರಿವೆ ಕಾಯಕದ್ದಾಗಿರಬೇಕು ಎಂದರೆ ಸಾಕು, ಅದು ಧೋತರವೋ ಸೂಟೋ ಎಂಬುದು ಆಮೇಲಿನ ಮಾತು.

ಮೊದಲ ಖಲೀಫ ಅಬೂಬಕರ್ ಮರಣಶಯ್ಯೆಯಲ್ಲಿದ್ದಾಗ, ತಾವು ತೊಟ್ಟಿದ್ದ ಹಳೆಯ ವಸ್ತ್ರವನ್ನೇ ತೊಳೆದು ಕಫನ್ನಿಗೆ ಬಳಸಿರೆಂದು ಮಗಳು ಆಯಿಶಾರಿಗೆ ಹೇಳಿದರು. ಅದು ಹಳತಾಗಿದೆಯಲ್ಲ ಎಂದಾಗ, ಹೊಸ ಬಟ್ಟೆಯ ಅಗತ್ಯ ಸತ್ತವನಿಗಿಂತ ಬದುಕಿರುವವರಿಗೆ ಹೆಚ್ಚು ಎಂದರಂತೆ. ಒಂದು ಬಟ್ಟೆಯನ್ನು ಮೈಮೇಲೆ ಹಾಕಿಕೊಳ್ಳುವ ಮುನ್ನ, ಇದರಿಂದ ಯಾರ ಅಗತ್ಯಕ್ಕೆ ಕತ್ತರಿ ಬಿತ್ತು ಎಂದು ಕೇಳಿಕೊಳ್ಳುವ ಮನಸ್ಸು ಅದು. ನಮ್ಮ ಮದುಮಕ್ಕಳಿಗೆ ಕಲಿಸಬೇಕಾದ ಉಡುಪಿನ ಪಾಠ ಇಷ್ಟೇ. ಜಮಾಅತಿನ ಹಿರಿಯರು, ಗುರುಮನೆಯವರು ಸೂಟು ತೊಡಬೇಡಿ ಎನ್ನುವ ಬದಲು, ನಿಮ್ಮ ಸೂಟನ್ನು ನೀವೇ ದುಡಿದು ಹೊಲಿಸಿಕೊಳ್ಳಿ, ಆಗದಿದ್ದರೆ ಇದ್ದ ಅಂಗಿಯನ್ನೇ ಒಗೆದು ತೊಟ್ಟು ಬನ್ನಿ ಎಂದು ಹೇಳಲಿ. ಹಾಗೆ ಬಂದ ಹುಡುಗನನ್ನು ಎಲ್ಲರ ಮುಂದೆ ಮೆಚ್ಚಿಕೊಳ್ಳಲಿ.

ಮರುವರ್ಷ ಕಲಘಟಗಿಯ ಸಂತೆಯಲ್ಲಿ ಆ ತಂದೆ ಸಿಕ್ಕಿದ್ದ. ಗೋವಿನಜೋಳ ಮಾರಿ ಬಂದಿದ್ದ. ಮಗಳು, ಅಳಿಯ, ಮೊಮ್ಮಗು ಚೆನ್ನಾಗಿದ್ದಾರೆಂದ. ಅಳಿಯ ಆಮೇಲೆ ಆ ಸೂಟು ತೊಟ್ಟಿದ್ದಾನೆಯೇ ಎಂದು ಕೇಳಿದೆ.

"ಎಲ್ಲಿಂದ್ರಿ ಸರ್, ಹೊಟ್ಟಿ ಬಂದದ, ಗುಂಡಿ ಹತ್ತೂದುಲ್ಲ. ಡಾಂಬರಗುಳಿಗಿ ಹಾಕಿ ಟ್ರಂಕಿನ್ಯಾಗ ಇಟ್ಟಾರ" ಎಂದು ನಕ್ಕ. ಸ್ವಲ್ಪ ತಡೆದು, ಜೋಳದ ರೊಕ್ಕದಾಗ ಇವತ್ತು ಮದುವೆ ಸಾಲದ ಒಂದು ಕಂತು ಕಟ್ಟಿ ಹೋಗಬೇಕೆಂದು ಹೇಳಿ, ಸೊಸೈಟಿಯ ಕಡೆಗೆ ನಡೆದ.